ಕಬ್ಬಿನ ಗಾಡ್ಯಾಗ ಬರತಿದ್ದ ನಾತಾಳದ ಅಜ್ಜ

ಅಲ್ಲವಾ ಶೀಲಾ, ಕೂಸಿಗೆ ಕೆಂಪ ಟೊಪಿಗಿ ಅಜ್ಜ ಬರತಾನಂತ ಹೇಳಬೇಕೋ ಬ್ಯಾಡೋ ಅಂತ ಗಂಡಾ ಹೆಂಡ್ತಿ ಮುಂಜಾನಿಂದ ಜಗಳಾ ಹಚ್ಚೀರಿ, ಈಗ ಬಂದು ನನ್ನ ಕೇಳಾಕತ್ತಿ. ಇದ ಜಗಳಾ ನಾನೂ ನಿಮ್ಮಜ್ಜಾನೂ ನಿಪ್ಪಾಣ್ಯಾಗ ಆಡೇವಿ. ನಿಮ್ಮವ್ವ ಲೂಸಿ ಆವಾಗ ಇಷ್ಟಿದ್ಲು, ಮುಂದಿನ ಹಲ್ಲ ಬಿದ್ದಿದ್ದು. ಎಂಬತ್ತನೇ ಇಸ್ವಿ, ಅಲ್ಲ ಅಲ್ಲ, ಎಂಬತ್ತು ದಾಟಿತ್ತು ಬಿಡು. ನಿಮ್ಮಜ್ಜ ತಂಬಾಕಿನ ವಖಾರದಾಗ ಹಮಾಲಿ ಮಾಡತಿದ್ರು, ನಾ ಮನ್ಯಾಗ ಕುಂತು ಬೀಡಿ ಕಟ್ಟತಿದ್ದೆ. ನಾತಾಳ ಬಂತಂದ್ರ, ಯೇಸು ಹುಟ್ಟಿದ ಹಬ್ಬ ಬಂತಂದ್ರ, ಚಳಿ, ಮಂಜು, ಊರ ತುಂಬ ತಂಬಾಕಿನ ವಾಸನಿ, ಮೂರೂ ಕೂಡಿ ಕನಸಿನಾಗ ನಡದಂಗ ಆಗತಿತ್ತು. ಈಗೂ ಕಣ್ಣ ಮುಚ್ಚಿದ್ರ ಅಲ್ಲೇ ಇರತೇನಿ ನೋಡ.

ನಿಮ್ಮಜ್ಜಗ ಕತಿ ಕಟ್ಟೂ ಹುಚ್ಚು. ಅವರ ನಾತಾಳದ ಅಜ್ಜ ಇಂಗ್ರೇಜಿ ಅಜ್ಜ ಅಲ್ಲವಾ, ನಮ್ಮ ಕಡ್ಯಾಂವ. ಸತ್ತಿ ಅನ್ನೂ ಊರಾಗ ಕೃಷ್ಣಾ ಹೊಳಿ ದಾಟಿ, ಕಬ್ಬಿನ ಗಾಡ್ಯಾಗ ಬರತಾನಂತ. ಎತ್ತು ಬಿಳೇವು, ಮಂಜಿನಾಗ ಕಾಣಂಗಿಲ್ಲಂತ. ಕೊಳ್ಳಗಂಟಿಗೆ ಅರಿವಿ ಸುತ್ತಿರತಾನಂತ, ಮಕ್ಕಳಿಗೆ ಎಚ್ಚರ ಆಗಬಾರದಂತ. ಲೂಸಿ ಬಾಯಿ ತಕ್ಕೊಂಡು ಕೇಳತಿತ್ತು. ಎತ್ತಿಗಂತ ಕಬ್ಬಿನ ವಾಡಿ, ಆ ತುದಿ ಹಸರು ಸೋಗಿ, ಎಲ್ಲಿಂದರ ತಂದು ಕಿಡಕಿ ಕೆಳಗ ಹಾಕತಿತ್ತು. ಬೆಳಗಾದ್ರ ಅದ ಇರತಿರಲಿಲ್ಲ. ಎಲ್ಲಿ ಹೋಗತಿತ್ತಂತಿ, ಬಾಜೂ ಮನಿ ಹಸೀನಾ ಮಾವಶಿ ಎಮ್ಮಿ ತಿಂದ ಹೋಗತಿತ್ತು!

ನನಗ ಅದು ಸೇರತಿರಲಿಲ್ಲ. ದೇವರ ಹೆಸರಿಲೆ ಹಬ್ಬ ಮಾಡೂದು, ಅವತ್ತ ಕೂಸಿಗೆ ಸುಳ್ಳ ಹೇಳೂದು, ಇದ್ಯಾವ ರೀತಿ? ಕಾಣದ ಅಜ್ಜ ಸುಳ್ಳಾದ ದಿನ ಕಾಣದ ದೇವರೂ ಸುಳ್ಳ ಅಂದೀತ್ರಿ ಹುಡುಗಿ, ಅಂತ ಎಷ್ಟ ಸರತಿ ಹೇಳೇನಿ. ಅವರು ನಗತಿದ್ರು. ಚರ್ಚಿನ ಫಾದರ್‌ಗೆ ಕೇಳಿದ್ರ ಅವರೂ ನಕ್ಕು, ನಿಮ್ಮ ಮನಿ ಮಾತು ನೀವ ನೋಡ್ಕೋರಿ ಅಂದ್ರು. ಹಿಂಗ ನಡದಿತ್ತು, ಆ ವರ್ಷ ವಖಾರದ ಕೆಲಸ ನಿಂತು ಬಿಡ್ತು. ಕಾರಖಾನಿಯವರು ಬೀಡಿ ಎಲಿನೂ ಸರಿಯಾಗಿ ಕೊಡವಲ್ರು. ಜ್ವಾಳದ ನುಚ್ಚು ಕುದಿಸಿ ಉಂಡ ದಿನ ಅವು, ತಿಳೀತೇನ. ಹಬ್ಬಕ್ಕ ಕರಂಜಿ ಕರ್ಯಾಕ ಎಣ್ಣಿ ಇಲ್ಲ. ಪ್ರತಿ ವರ್ಷ ಕೊಲ್ಲಾಪುರದಿಂದ ಏನರ ಒಂದ ತರಾಂವ ಮನಷ್ಯಾ, ಆ ವರ್ಷ ತನ್ನ ಹಳೇ ಧೋತರ ಹರದು, ಸೂಜಿ ಹಿಡದು ಬಟ್ಟಿ ಗೊಂಬಿ ಹೊಲದ್ರು. ಮೂಟಿ ಎತ್ತೂ ಕೈಯವ್ವಾ ಅವು. ಗೊಂಬಿಗೆ ಒಂದ ಕಣ್ಣ ಮ್ಯಾಲ, ಒಂದ ಕೆಳಗ. ಮರಾಠಿ ಪೇಪರಿನಾಗ ಸುತ್ತಿ, ನನ್ನ ಬೀಡಿ ಮೊರದಾಗಿನ ದಾರ ತಗೊಂಡು ಕಟ್ಟಿ, ಯೇಸು ಹುಟ್ಟಿದ ಕೊಟ್ಟಿಗಿಯಂಗ ಹುಲ್ಲ ಹಾಸಿ ಮಾಡಿದ್ದ ಗೋದಲಿ ಮುಂದ ಇಟ್ರು.

ಅಲ್ಲೇ ತಪ್ಪಿದ್ದು ನೋಡ. ಬೀಡಿಗೆ ಒಂದೊಂದ ಕಾರಖಾನಿದು ಒಂದೊಂದ ಬಣ್ಣದ ದಾರ ಇರತೈತಿ, ನಮ್ಮದು ಹಸರು. ಸಾಲಿ ಬಿಟ್ಟ ಬಂದು ದಿನಾ ನನ್ನ ಬಾಜೂಕ ಕುಂತು ಬೀಡಿಗೆ ದಾರ ಸುತ್ತೂ ಹುಡುಗಿಗೆ ಗೊತ್ತಾಗೂದಿಲ್ಲೇನ? ಮುಂಜಾನೆದ್ದು ಗಂಟ ಮುಟ್ಟಿ ನೋಡಿತು, ಮೂಸಿ ನೋಡಿತು. ಬಿಚ್ಚಲಿಲ್ಲ. ಹೊಳಿ ಆಚಿಯಿಂದ ಬಂದ ಅಜ್ಜಗ ನಮ್ಮ ಕಾರಖಾನಿ ದಾರ ಹ್ಯಾಂಗ ಸಿಕ್ತಪ್ಪಾ ಅಂತು. ಲೂಸಿ ಎದ್ದು ಗೋದಲಿ ಕಡೆ ಹೋತು, ಹುಲ್ಲಿನ್ಯಾಗ ಮಲಗಿಸಿದ ಬಾಲ ಯೇಸುನ್ನ ಕೈಯಾಗ ಎತ್ತಿಕೊಂಡು ನನ್ನ ಕಡೆ ತಿರುಗಿತು.

"ಯವ್ವಾ, ಇವನ್ನೂ ನೀವ ಇಟ್ಟೀರೇನ?"

ನಾ ಅಂದಿದ್ದ ಮಾತ ಖರೇ ಆಗಿತ್ತು, ಆದ್ರ ನನಗ ಸಂತೋಷ ಆಗಲಿಲ್ಲವಾ, ಅಳು ಬಂತು. ಏನ ಹೇಳಲಿ? ಇಲ್ಲ ಅಂದ್ರ ಮತ್ತೊಂದ ಸುಳ್ಳು. ಕಡೀಕೆ ಅಂದೆ, "ಹೌದವಾ, ಈ ಮಣ್ಣಿನ ಮೂರ್ತಿ ನಾವ ಇಟ್ಟದ್ದು, ಸಂತ್ಯಾಗ ಕೊಂಡ ತಂದದ್ದು. ಆದ್ರ ಯೇಸುನ್ನ ನಾವು ಕಟ್ಟಿಲ್ಲ. ಮನ್ಯಾಗ ನುಚ್ಚು ತೀರಿದಾಗ ಜಪಸರ ಹಿಡದು ಅಳಕೋತ ನಾ ಯಾರನ್ನ ಕರೀತೇನಿ, ನೀ ನೋಡೀದಿಲ್ಲ? ಸುಳ್ಳಿನ ಮುಂದ ಯಾರರ ಅಳತಾರೇನ ಕೂಸ?"

ಆಗ ನಿಮ್ಮಜ್ಜ ಬಾಯಿ ಬಿಟ್ರು. "ಗೊಂಬಿ ಇಟ್ಟ ಅಜ್ಜ ನಾನವಾ, ಲೂಸಿ. ನಾ ಸಣ್ಣಾಂವಿದ್ದಾಗ ಮಂದಿ ಮನಿ ಎಮ್ಮಿ ಕಾಯತಿದ್ದೆ, ನಾತಾಳಕ್ಕ ನನಗ ಯಾರೂ ಬರಲಿಲ್ಲ. ಅದಕ್ಕ ನಿನಗ ಯಾರರ ಬರಲಿ ಅನಸ್ತು."

ಹೊರಗ ಮಂಜು ಇನ್ನೂ ಹಂಗ ಇತ್ತು, ನನಗ ನೋಡ, ಈಗೂ ಆ ಗಳಿಗಿ ಮುಗದೇ ಇಲ್ಲ ಅನಸತೈತಿ. ಆಮ್ಯಾಲ ಲೂಸಿ ಬಾಲ ಯೇಸುನ್ನ ಮೆಲ್ಲಕ ಹುಲ್ಲಿನ್ಯಾಗ ಮಲಗಿಸಿ, ಮ್ಯಾಲ ಒಂದಿಷ್ಟ ಹುಲ್ಲ ಸರಿಸಿತು, ಚಳಿ ಆದೀತಂತ. ಅಪ್ಪನ ಕಡೆ ತಿರುಗಿ, "ಮುಂದಿನ ವರ್ಷಾನೂ ಅಜ್ಜ ಬರಲೆಪಾ. ಅವಗ ನಾ ಚಾ ಮಾಡಿ ಇಡತೇನಿ" ಅಂತು. ನಿಮ್ಮಜ್ಜ ಗ್ವಾಡಿ ಕಡೆ ಮಾರಿ ಮಾಡಿ ಕುಂತ್ರು.

ಅದಕ್ಕ ಹೇಳತೇನಿ, ಕತಿ ಹೇಳ್ರಿ, ಹೊಟ್ಟಿ ತುಂಬ ಹೇಳ್ರಿ. ಆದ್ರ ಕೂಸು ಕಣ್ಣಾಗ ಕಣ್ಣಿಟ್ಟು ಖರೇನಾ ಅಂತ ಕೇಳಿದ ದಿನ, ಮಾರಿ ತಿರುಗಿಸಬ್ಯಾಡ್ರಿ.