ಬೂದಿ ನಿಂತ ಬೇಲಿ

ಅವನಾ? ಅಯ್ಯೋ ಅಕ್ಕಾ, ಕೇಳೋಕೆ ಬೇರೆ ಯಾರೂ ಸಿಗಲಿಲ್ವಾ ನಿಂಗೆ? ಬಾಚಣಿಗೆ... ಹೌದು, ಹಾಗೇ ಕರೆಯೋದು ಅವನನ್ನ. ನಾನೇ ಇಟ್ಟ ಹೆಸರು. ಹೆಲ್ಮೆಟ್ ಹಾಕೋಕೆ ಮುಂಚೆ ತಲೆ ಬಾಚ್ತಾನೆ. ತೆಗೆದ ಮೇಲೆ ಬಾಚಿದ್ರೆ ಅರ್ಥ ಇದೆ. ಮುಂಚೆ ಬಾಚಿ ಯಾರಿಗೆ ತೋರಿಸ್ತಾನೆ, ಹೆಲ್ಮೆಟ್‌ಗಾ?

ಮೂಗು ಮುಚ್ಕೋಬೇಡ. ಲಾಯ ಅಂದ್ರೆ ಲದ್ದಿ ಇರುತ್ತೆ, ಅತ್ತರು ಇರಲ್ಲ. ಆ ಬಕೆಟ್ ಬೋರಲು ಹಾಕ್ಕೊಂಡು ಕೂತ್ಕೋ. ಈ ಕುದುರೆ, ನಮ್ಮ ಬೂದಿ, ಇವಳ ಮೈ ಒರೆಸಿ ಮುಗಿಸ್ತೀನಿ, ಆಮೇಲೆ ಮನೆಗೆ ಹೋಗೋಣ.

ಸೋತೆ, ಅಷ್ಟೇ. ಫೋನಲ್ಲೇ ಹೇಳಿದ್ನಲ್ಲ. ಇವತ್ತಿನ ಸವಾರಿ ಪಂದ್ಯದ ಕೊನೇ ಸುತ್ತಿಗೆ ಉಳಿದಿದ್ದು ನಾನು, ಬಾಚಣಿಗೆ, ಇಬ್ಬರೇ. ಗೆದ್ದವರು ಬೂದಿನ ಕರ್ಕೊಂಡು ಶಿಬಿರಕ್ಕೆ ಹೋಗೋದು, ವರ್ಷಪೂರ್ತಿ ಅಲ್ಲೇ ಇದ್ದು ಕಲಿಯೋದು. ಹಾರಬೇಕಾದ ಕೊನೇ ಬೇಲಿ ಮುಂದೆ ಇವಳು ನಿಂತುಬಿಟ್ಲು. ನಿಂತ್ಲು ಅಂದ್ರೆ ನಿಂತ್ಲು... ಕುದುರೆ ಏನು ನಿನ್ನ ಸ್ಕೂಟರಾ, ಕಿವಿ ತಿರುವಿದ ತಕ್ಷಣ ಹೋಗೋಕೆ? ಕೋಚ್ ಮೇಡಂಗೂ ಇದನ್ನೇ ಹೇಳಿದೆ. ಅವರು ಮೈದಾನದ ಆಚೆ ತುದೀಲಿದ್ರು. ಸರಿ ಅಂದ್ರು. ನಾಳೆ ಬಾಚಣಿಗೆ ಇವಳನ್ನ ಕರ್ಕೊಂಡು ಹೋಗ್ತಾನೆ. ಹೋಗ್ಲಿ. ಅಮ್ಮ ನಂಗೆ ಅಂತ ದೊಡ್ಡ ಬ್ಯಾಗ್ ತಂದಿದ್ಲಲ್ಲ, ವಾಪಸ್ ಕೊಡೋಕೆ ಹೇಳು. ಚೀಟಿ ಕೂಡ ಕಿತ್ತಿಲ್ಲ.

ಯಾಕೆ ಹಾಗೆ ನೋಡ್ತೀಯ? ಗೊತ್ತು ನಂಗೆ, ನೀನು ನೆನಪಿಸೋದು ಬೇಡ. ಬೇಸಿಗೆ ಶುರುವಾದಾಗ ಅಪ್ಪ ಕಾರಲ್ಲಿ ಕರ್ಕೊಂಡು ಬಂದು, ಮುಗಿಯೋತನಕ ಗೇಟ್ ಹತ್ರ ಕಾಯ್ತಾ ಕೂರ್ತಿದ್ರು. ಬಸ್ಸಲ್ಲಿ ಒಬ್ಬಳೇ ಹೋಗ್ತೀನಿ ಅಂದಿದ್ದಕ್ಕೆ ಮನೇಲಿ ಏನು ರಂಪ. ಹಾಜರಿ ಕೂಗಿದ್ರೂ ದನಿ ಬರದವಳು ನಾನು, ಅಮ್ಮನ ಎದುರು ನಿಂತು ಶಿಬಿರಕ್ಕೆ ಒಪ್ಪಿಸಿದ್ದೆ. ಒಂದು ವರ್ಷ, ನನ್ನದೇ ಕೋಣೆ, ನನ್ನದೇ ಬೀಗದ ಕೈ... ಹೋಗ್ಲಿ ಬಿಡು.

ಪ್ರೀತಿನಾ? ಥೂ. ಸಂಜೆ ಕುದುರೆಗಳ ಬೆವರು ಆರ್ಲಿ ಅಂತ ಜೀನು ತೆಗೆದು ಮೈದಾನದ ಸುತ್ತ ನಡೆಸ್ತೀವಿ. ಅವನೂ ಪಕ್ಕದಲ್ಲಿ ಬರ್ತಿದ್ದ. ನಿನ್ನ ಹಿಂದೆ ನಡೆದ್ರೆ ನನ್ನ ಕುದುರೆಗೂ ಬುದ್ಧಿ ಬರುತ್ತೆ ಅಂದಿದ್ದ ಒಂದಿನ. ಕುದುರೆಗೆ ಬಂತು, ಇವನಿಗೆ ಬರಲಿಲ್ಲ. ನಗು, ನಗು. ಇಲ್ಲಪ್ಪ, ಕೈಗಿಯ್ ಏನೂ ಹಿಡಿದಿಲ್ಲ... ಹಿಡಿದಿದ್ದ, ಒಂದ್ಸಲ. ಒದ್ದೆ ಸೋಪು ಹಿಡಿದ ಹಾಗಿತ್ತು.

ಸವಾರಿ? ಅವನಿಗೆ ಸವಾರಿ ಬರುತ್ತೆ ಅಂತ ಯಾರು ಹೇಳಿದ್ದು? ಅಭ್ಯಾಸದಲ್ಲಿ ಮೇಡಂ ನಮ್ಮ ಹತ್ರ ಒಂದು ಕೆಲಸ ಮಾಡಿಸ್ತಾರೆ. ಲಗಾಮನ್ನ ಕುದುರೆ ಬಾಯಲ್ಲಿರೋ ಕಡಿವಾಣಕ್ಕೆ ಹೊಲಿಗೆ ದಾರದಲ್ಲಿ ಕಟ್ಟಿಸ್ತಾರೆ. ಜೋರಾಗಿ ಎಳೆದ್ರೆ ದಾರ ಪಟ್ ಅಂತ ಹೋಗುತ್ತೆ. ಕುದುರೆ ಬಾಯಿಗೆ ಎಷ್ಟು ನೋವು ಕೊಡ್ತಿದೀವಿ ಅಂತ ನಮಗೇ ಗೊತ್ತಾಗಬೇಕಲ್ಲ, ಅದಕ್ಕೆ. ಬಾಚಣಿಗೆ ದಿನಾ ಕಡಿದ. ಅವನು ಹಾಳು ಮಾಡಿದ ದಾರದಲ್ಲಿ ಒಬ್ಬ ದರ್ಜಿ ಸಂಸಾರ ನಡೆಸಬಹುದಿತ್ತು. ನನ್ನ ದಾರ ಇಡೀ ಬೇಸಿಗೆ ಒಂದ್ಸಲವೂ ಕಡಿಯಲಿಲ್ಲ. ಅಂಥವನು ಇವಳನ್ನ ಓಡಿಸ್ತಾನಂತೆ.

ನಿನ್ನೆ ನಲ್ಲಿ ಹತ್ರ ಮುಖ ಸಣ್ಣಗೆ ಮಾಡ್ಕೊಂಡು ನಿಂತಿದ್ದ. ಈ ಸಲ ಶಿಬಿರಕ್ಕೆ ಆಯ್ಕೆ ಆಗದಿದ್ರೆ ಅವರಪ್ಪ ಸವಾರಿ ಬಿಡಿಸಿ ಅಂಗಡೀಲಿ ಕೂರಿಸ್ತಾರಂತೆ. ಕೂರ್ಲಿ. ಅಂಗಡೀಲೂ ಕನ್ನಡಿ ಇರುತ್ತೆ, ಬಾಚ್ಕೊಂಡು ಕೂರ್ಲಿ, ನಂಗೇನು... ಹಾಗಂತ ಅವನ ಮುಖಕ್ಕೆ ಹೇಳಲಿಲ್ಲ. ಮನಸ್ಸಲ್ಲೇ ಅಂದ್ಕೊಂಡೆ.

ಯಾಕೆ ಎದ್ದೆ? ಹೆದರಬೇಡ, ಕಚ್ಚಲ್ಲ. ಹಣೆ ಸವರು, ಹಣೆ ಸವರಿದ್ರೆ ಖುಷಿ ಅವಳಿಗೆ... ಅಲ್ಲಿ ಬೇಡ. ಅಕ್ಕಾ, ಬಾಯಿ ಹತ್ರ ಬೇಡ ಅಂದೆ.

ಏನಿಲ್ಲ. ತುಟಿ ಅಂಚು ಸ್ವಲ್ಪ ತರಚಿದೆ. ಹಳೇದು.

ಹಸಿಯಾಗಿದ್ರೆ ಏನೀಗ? ಹುಲ್ಲು ಚುಚ್ಚಿರಬೇಕು. ಕೆಲವು ಹುಲ್ಲು ಮುಳ್ಳಿನ ಹಾಗೇ ಇರುತ್ತೆ, ನಿಂಗೆಲ್ಲಿ ಗೊತ್ತು... ಆ ಕಡೆನೂ ಇದೆ, ನೋಡ್ಕೋ. ಎರಡೂ ಕಡೆ ಚುಚ್ಚಬಾರದು ಅಂತ ಏನಾದ್ರೂ ಇದೆಯಾ?

ಅಕ್ಕಾ.

ಬೈಯೋದಾದ್ರೆ ಬೈದುಬಿಡು. ಹೀಗೆ ನನ್ನ ಕೈ ನೋಡ್ತಾ ನಿಲ್ಲಬೇಡ.

...ಹಾರೋಕೇ ಹೊರಟಿದ್ಲು ಇವಳು. ಮುಂಗಾಲು ಎತ್ತಿಯೂ ಆಗಿತ್ತು. ಎಷ್ಟು ಜೋರಾಗಿ ಎಳೀಬೇಕಾಯ್ತು ಗೊತ್ತಾ, ಇವಳನ್ನ ನಿಲ್ಲಿಸೋಕೆ?

ಆಮೇಲೆ ಅವನು ಬಂದ. ತಲೆ ಬಾಚ್ಕೊಂಡೇ ಬಂದ. 'ಪಾಪ, ಈ ಕುದುರೆ ನಿಂಗೆ ಬಗ್ಗಲ್ಲ. ನನ್ನ ಕೈಗೆ ಬರ್ಲಿ, ಸರಿ ಮಾಡ್ತೀನಿ' ಅಂದ. ನನಗೇ ಅಂದ. ನಾನು ತಲೆ ಆಡಿಸಿದೆ.

ಅವನೇನು ಬಿಟ್ಕೊಡು ಅಂತ ಬಾಯಿಬಿಟ್ಟು ಕೇಳಿರಲಿಲ್ಲ, ಅಕ್ಕಾ. ಕೇಳಿದ್ದಿದ್ರೆ ಕೊಡ್ತಿರಲಿಲ್ಲ ನಾನು.