ನೀರು ಬಂತಾ?

ದೀಪ ಇರಲಿ, ಆರಿಸಬೇಡಿ. ಇದು ಯಾರೋ ಎಲ್ಲೋ ಕೇಳಿದ್ದಲ್ಲ. ನನ್ನ ದೊಡ್ಡಮ್ಮನ ಮಗಳಿಗೇ ಆಗಿದ್ದು. ಅಕ್ಕ ಅಂತ ಕರೀತೀನಿ ಅವಳನ್ನ.

ಅಕ್ಕ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯೋಳು. ದಿನಾ ಮುರಿದ ಮೂಳೆ ನೋಡೋಳು, ಸುಮ್ಮಸುಮ್ಮನೆ ಹೆದರೋ ಪೈಕಿ ಅಲ್ಲ. ಪಾಳಿ ಮುಗಿಯೋದು ರಾತ್ರಿ ಹತ್ತಕ್ಕೆ. ಬಸ್ಸಿಳಿದು ಬಂದ್ರೆ ಅವಳ ಕಟ್ಟಡದ ಪಕ್ಕದಲ್ಲೇ ಒಂದು ಹಳೇ ಬಾವಿ, ಮೇಲೆ ಕಲ್ಲುಚಪ್ಪಡಿ. ಅರ್ಧ ಬಾವಿ ಹೊರಗೆ, ಅರ್ಧ ಗೋಡೆಯ ಅಡಿಗೆ. ಜಾಗ ಉಳಿಸೋಕೆ ಯಾವನೋ ಪುಣ್ಯಾತ್ಮ ಬಾವಿ ಮೇಲೇ ಗೋಡೆ ಎಬ್ಬಿಸಿದ್ದ. ಅದನ್ನ ದಾಟುವಾಗ ಅಕ್ಕ ಬೇಗ ಬೇಗ ಹೆಜ್ಜೆ ಹಾಕ್ತಿದ್ದಳು... ಭಯಕ್ಕಲ್ಲ, ನೀರಿಗೆ. ಆ ಕಟ್ಟಡದಲ್ಲಿ ನೀರು ಬರ್ತಿದ್ದದ್ದು ರಾತ್ರಿ ಹನ್ನೊಂದಕ್ಕೆ, ಬರೀ ಅರ್ಧ ಗಂಟೆ. ತುಂಬಿಸಿಟ್ಟುಕೊಂಡ್ರೆ ಉಂಟು, ಇಲ್ಲಾಂದ್ರೆ ಮಾರನೇ ದಿನ ಹಲ್ಲುಜ್ಜೋಕೂ ಇಲ್ಲ.

ಮೂರನೇ ಮಹಡಿ. ಲಿಫ್ಟ್ ಇಲ್ಲ. ಹಾಗಂತ ಬಿಡೋ ಹಾಗೂ ಇಲ್ಲ. ಅಮ್ಮ, ಮಗಳು ಇಬ್ಬರೇ ಅಂದ್ರೆ ಯಾರು ಮನೆ ಕೊಡ್ತಾರೆ? ಹದಿನಾಲ್ಕು ಮನೆ ಸುತ್ತಿ, "ಗಂಡಸರು ಯಾರೂ ಇಲ್ವಾ?" ಅಂತ ಹದಿನಾಲ್ಕು ಸಲ ಕೇಳಿಸ್ಕೊಂಡು, ಹದಿನೈದನೇದಾಗಿ ಸಿಕ್ಕಿದ್ದು ಅದು. ದೊಡ್ಡಮ್ಮನಿಗೆ ಬೇರೆ ಕಿವಿ ಮಂದ. ಕಿವಿಗೆ ಮಷೀನು ಹಾಕಿದ್ರೆ ಅಷ್ಟೋ ಇಷ್ಟೋ ಕೇಳುತ್ತೆ. ರಾತ್ರಿ ಅದನ್ನ ತೆಗೆದಿಟ್ಟು ಮಲಗಿದ್ರೆ, ತಲೆ ಹತ್ತಿರ ನಗಾರಿ ಬಾರಿಸಿದ್ರೂ ಏಳಲ್ಲ.

ಆ ಮನೆ ಬಚ್ಚಲಲ್ಲಿ ಒಂದು ಪುಟ್ಟ ಕಿಟಕಿ. ಅದರಾಚೆ, ಬಾವಿ ಇದ್ದ ಕಡೆಗೇ, ಎಲ್ಲ ಮಹಡಿಗಳ ಪೈಪು ಇಳಿದುಹೋಗೋ ಕತ್ತಲ ಸಂದು. ಕಿಟಕಿಗೆ ಅಡ್ಡ ಪಟ್ಟಿ ಕೊಟ್ಟು ಮೊಳೆ ಹೊಡೆದಿದ್ರು. ಗಾಳಿ ಆಡದೆ ಸೂರಿಗೆಲ್ಲ ಬೂಷ್ಟು, ಒಗೆದ ಬಟ್ಟೆಗೂ ಮುಗ್ಗಲು ವಾಸನೆ. ಕಿಟಕಿ ತೆಗೆಸಿಕೊಡಿ ಅಂತ ಅಕ್ಕ ಓನರ್‌ಗೆ ಎಂಟು ಸಲ ಫೋನ್ ಮಾಡಿದ್ಲು.

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಮ್ಮ" ಅಂತಿದ್ರು ಅವರು. ಬೇರೆ ಏನು ಕೇಳಿದ್ರೂ ಮಾಡಿಸ್ತಿರಲಿಲ್ಲ, ಅದು ಬೇರೆ ವಿಷಯ.

ಕೊನೆಗೆ ರೋಸಿಹೋಗಿ ತಾನೇ ಬಡಗಿ ಕರೆಸಿದ್ಲು. ಕಿರ್ರ್... ಕಿರ್ರ್... ಅಂತ ಮೊಳೆ ಬಂದ್ವು. ತಣ್ಣನೆ ಗಾಳಿ ಒಳಗೆ ನುಗ್ಗಿತು. ಅಕ್ಕನಿಗೆ ಹೋದ ಜೀವ ಬಂದ ಹಾಗಾಯ್ತು.

ಅದೇ ರಾತ್ರಿ. ಹನ್ನೊಂದು ಗಂಟೆ. ನಲ್ಲಿಯಲ್ಲಿ ಮೊದಲು ಗೊರ್... ಗೊರ್... ಅಂತ ಗಾಳಿ. ಆಮೇಲೆ ಸುಯ್ ಅಂತ ನೀರು. ಆಗ ಸಂದಿಯ ಕೆಳಗಡೆಯಿಂದ, ತುಂಬಾ ದೂರದಿಂದ, ಒಂದು ಹೆಂಗಸಿನ ದನಿ. ದಣಿದ ದನಿ.

"ನೀರು ಬಂತಾ?"

ಕೆಳಗಿನ ಮನೆಯವರು ಅಂದ್ಕೊಂಡಳು ಅಕ್ಕ. ಸದ್ಯ, ಮಾತಾಡಿಸೋರು ಒಬ್ಬರಾದ್ರೂ ಇದ್ದಾರಲ್ಲ ಅನ್ನಿಸ್ತಂತೆ. "ಬಂತು" ಅಂದ್ಲು.

"ಸರಿ... ಬರ್ತೀನಿ."

ಅಷ್ಟೇ. ಮಾರನೇ ದಿನವೂ ಅದೇ. ಅದರ ಮಾರನೇ ದಿನವೂ. ಮೂರು ವಾರ ಹೀಗೇ ನಡೀತು. ದನಿ ಸ್ವಲ್ಪ ಸ್ವಲ್ಪವೇ ಹತ್ತಿರ ಆಗ್ತಿತ್ತು. ಕಿವಿಗೆ ಅಭ್ಯಾಸ ಆಗ್ತಿದೆ ಅಂದ್ಕೊಂಡಳು.

ಒಂದು ರಾತ್ರಿ "ಬಂತು" ಅಂದ ಮೇಲೆ ಇನ್ನೊಂದು ಪ್ರಶ್ನೆ ಬಂತು. "ಅಮ್ಮ ಮಲಗಿದ್ರಾ?"

"ಮಲಗಿದ್ರು" ಅಂದುಬಿಟ್ಟಳು. ಬಕೆಟ್ ಎತ್ತೋವಾಗ ಕೈ ನಿಂತುಹೋಯ್ತು. ಈ ಕಟ್ಟಡದಲ್ಲಿ ಅಮ್ಮನ ವಿಷಯ ನಾನು ಯಾರಿಗೆ ಹೇಳಿದ್ದೆ?

ಬೆಳಗ್ಗೆ ಮೆಟ್ಟಿಲ ಹತ್ತಿರ ಎರಡನೇ ಮಹಡಿಯ ಪೋಸ್ಟ್‌ಮಾಸ್ಟರ್ ಸಿಕ್ಕಿದ್ರು. ರಿಟೈರಾದವರು, ಒಬ್ಬರೇ ಇರೋದು. "ಸರ್, ನಿಮ್ಮನೇಲಿ ಹೆಂಗಸರು ಯಾರಾದ್ರೂ ಬಂದಿದ್ದಾರಾ? ದಿನಾ ನೀರು ಬಂತಾ ಅಂತ ಕೇಳ್ತಾರಲ್ಲ."

ಅವರು ಅಕ್ಕನ ಮುಖವನ್ನೇ ನೋಡಿದ್ರು. ದನಿ ತಗ್ಗಿಸಿ ಅಂದ್ರು, "ಕೇಳ್ತಿರೋದು ನೀವಲ್ವಾ?"

"ನಾನು ಉತ್ತರ ಕೊಡೋಳು."

"ಮೊದಮೊದಲು ಕೆಳಗಿಂದ ಕೇಳ್ತಿತ್ತಮ್ಮ. ಕೆಳಗೆ ಗೋಡೌನು, ಯಾರೂ ಇಲ್ಲ. ನನಗ್ಯಾಕೆ ಅಂತ ಸುಮ್ಮನಿದ್ದೆ. ಆಮೇಲೆ ನಮ್ಮ ಬಚ್ಚಲ ಕಿಟಕಿ ಹತ್ತಿರಾನೇ ಬಂತು. ಈಗ ನಾಲ್ಕು ದಿನದಿಂದ ಮೇಲಿಂದ ಕೇಳ್ತಿದೆ. ನೀವೇ ಅಂದ್ಕೊಂಡೆ."

"ಬರ್ತೀನಿ ಅಂತ ಹೇಳಿ ಹೋಗ್ತಾರಲ್ಲ ಸರ್ ದಿನಾ..."

"ಹೋಗೋರೂ ಅದನ್ನೇ ಅನ್ನೋದು" ಅಂದ್ರು ಪೋಸ್ಟ್‌ಮಾಸ್ಟರ್. "ಬರೋರೂ ಅದನ್ನೇ ಅನ್ನೋದು."

ಅಕ್ಕ ಆಸ್ಪತ್ರೆಯಿಂದಲೇ ಓನರ್‌ಗೆ ಫೋನ್ ಮಾಡಿದ್ಲು. ದನಿಯ ವಿಷಯ ಹೇಳಿದ್ಲು.

"ಕಿಟಕಿ ತೆಗೆಸಿದ್ರಾ?"

"ಹೂಂ."

"ಉತ್ತರ ಕೊಟ್ರಾ?"

"...ಹೂಂ."

"ಇವತ್ತು ಕೊಡಬೇಡಿ. ಏನಾದ್ರೂ ಆಗ್ಲಿ, ಬಾಯಿ ಬಿಡಬೇಡಿ. ಬೆಳಗ್ಗೆನೇ ನಾನು ಬರ್ತೀನಿ." ಆ ಕೊನೇ ಮಾತಿಗೇ ಅಕ್ಕನ ಮೈ ಜುಮ್ಮೆಂದಿತು.

ಅವತ್ತು ರಾತ್ರಿ ಕಿಟಕಿಗೆ ದಿಂಬು ತುರುಕಿದಳು. ಬಚ್ಚಲ ಬಾಗಿಲಿಗೆ ಹೊರಗಡೆಯಿಂದ ಚಿಲಕ ಹಾಕಿ, ಅದರ ಎದುರಿಗೇ ಕೂತಳು. ರೂಮಲ್ಲಿ ದೊಡ್ಡಮ್ಮ ನಿದ್ದೆ. ಮಷೀನು ಶೆಲ್ಫ್ ಮೇಲಿತ್ತು. ಅಕ್ಕ ಎರಡು ಸಲ ನೋಡಿದ್ಲಂತೆ, ಶೆಲ್ಫ್ ಮೇಲೇ ಇತ್ತು.

ಹನ್ನೊಂದು. ಗೊರ್... ಗೊರ್... ಸುಯ್.

"ನೀರು ಬಂತಾ?"

ಸಂದಿಯಿಂದಲ್ಲ. ಬಾಗಿಲ ಹಿಂದಿನಿಂದ.

ಅಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ನೀರು ಬಂತಾ?" ಇನ್ನೂ ಮೆಲ್ಲಗೆ, ತೀರಾ ಹತ್ತಿರದಿಂದ. ಬಾಗಿಲಿಗೆ ಕೆನ್ನೆ ಒತ್ತಿ ಕೇಳಿದ ಹಾಗೆ.

ಮೂರನೇ ಸಲ ಕೇಳಿದಾಗ... ರೂಮಿನಿಂದ ದೊಡ್ಡಮ್ಮ, ನಿದ್ದೆಗಣ್ಣಲ್ಲೇ, ಮಗಳನ್ನ ಮಾತಾಡಿಸೋ ಹಾಗೆ ಅಂದ್ರು.

"ಬಂತಮ್ಮ... ಬಾ."

ನಲ್ಲಿ ಸದ್ದು ನಿಂತಿತು. ಆಮೇಲೆ ಟಿಕ್. ಹೊರಗಡೆ ಹಾಕಿದ್ದ ಚಿಲಕ, ಅಕ್ಕನ ಕಣ್ಣೆದುರಿಗೇ, ತಾನಾಗಿ ಸರೀತು.

ಬಾಗಿಲು ತೆರೆಯೋದನ್ನ ನೋಡೋಕೆ ಅವಳು ನಿಲ್ಲಲಿಲ್ಲ. ದೊಡ್ಡಮ್ಮನ ರಟ್ಟೆ ಹಿಡಿದು ಎಬ್ಬಿಸಿ, ಬರಿಗಾಲಲ್ಲೇ ಮೆಟ್ಟಿಲಿಳಿದು ಪೋಸ್ಟ್‌ಮಾಸ್ಟರ್ ಬಾಗಿಲು ಬಡಿದಳು. ಬೆಳಕು ಹರಿಯೋವರೆಗೂ ಮೂವರೂ ಅವರ ನಡುಮನೆಯಲ್ಲಿ ಕೂತಿದ್ರು. ದೊಡ್ಡಮ್ಮ ಮಾತ್ರ "ಯಾಕೆ ಹೀಗೆ ಎಳ್ಕೊಂಡು ಬಂದೆ? ಬಾಗಿಲು ಹಾಕಿದ್ಯಾ?" ಅಂತ ಕೇಳ್ತಾನೇ ಇದ್ರಂತೆ.

ಬೆಳಗ್ಗೆ ಓನರ್ ಬಂದ್ರು. ಮನೆಯೊಳಗೆ ಏನೂ ಇರಲಿಲ್ಲ. ಅವರು ಪೂರ್ತಿ ಅಡ್ವಾನ್ಸು ಅಲ್ಲೇ ಕೈಗಿಟ್ರು, ಸುಣ್ಣ ಬಣ್ಣಕ್ಕೂ ಮುರ್ಕೊಳ್ಳಲಿಲ್ಲ. ನೀವೇ ಹೇಳಿ, ಯಾವ ಓನರ್ ಹಾಗೆ ಕೊಡ್ತಾನೆ?

ವಾರದೊಳಗೆ ಬೇರೆ ಬಡಾವಣೆಯಲ್ಲಿ ಮನೆ ಸಿಕ್ತು. ನೆಲಮಹಡಿ, ಬಿಸಿಲು ಬರೋ ಮನೆ, ದಿನವಿಡೀ ನೀರು. ಮೂರನೇ ದಿನ ಮನೆಯೊಡತಿ ಬಾಗಿಲಿಗೆ ಬಂದು ಮುಖ ಗಂಟುಹಾಕಿಕೊಂಡು ನಿಂತ್ರು.

"ಇಬ್ಬರೇ ಅಂತ ಹೇಳಿ ಮೂರು ಜನ ಬಂದಿದ್ದೀರಲ್ಲ. ಮೊದಲೇ ಹೇಳೋದಲ್ವಾ?"

ಅಕ್ಕ ಹಿಂತಿರುಗಿ ಒಳಗೆ ನೋಡಲಿಲ್ಲ.

ಇದಾಗಿ ಎರಡು ವರ್ಷ ಆಯ್ತು. ಈಗಲೂ ಅಲ್ಲೇ ಇದ್ದಾರೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು, ಆದರೆ ಆ ಮನೆಯ ಕರಾರು ಪತ್ರ ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ. ವಾಸ ಇರೋರ ಸಂಖ್ಯೆ ಅನ್ನೋ ಕಡೆ ಎರಡು ಅಂತಿದ್ದದ್ದನ್ನ ಹೊಡೆದುಹಾಕಿ ಮೂರು ಅಂತ ಬರೆದಿದೆ. ಪಕ್ಕದಲ್ಲಿ ಅಕ್ಕನದೇ ಸಹಿ.