ಮಿಸ್ಸಿಂಗ್ ಹೊಡೆದ ಗಾಡಿ ಯಾವುದು?

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಇಷ್ಟು ಹೊತ್ತು ನಗುಮುಖದಿಂದಲೇ ಎಲ್ಲರ ಭಾಷಣ ಸಹಿಸಿಕೊಂಡಿರುವ ಮುಖ್ಯ ಅತಿಥಿಗಳೇ, ನಮ್ಮ ಗ್ಯಾರೇಜು ಕೆಲಸಗಾರರ ಸಂಘದ ಪದಾಧಿಕಾರಿಗಳೇ, ಕೈ ತೊಳೆದು ಬಂದಿದ್ದರೂ ಉಗುರಿನಲ್ಲಿ ಗ್ರೀಸು ಉಳಿಸಿಕೊಂಡೇ ಬಂದಿರುವ ನನ್ನ ಪ್ರೀತಿಯ ಸಭಿಕರೇ,

ಸಂಘದ ವಾರ್ಷಿಕೋತ್ಸವದಲ್ಲಿ ನನ್ನನ್ನು ಸನ್ಮಾನಿಸಿದ್ದೀರಿ. ‘ಕಿವಿಯಿಂದಲೇ ಎಂಜಿನ್ ಓದುವ ಹಿರಿಯರು’ ಎಂದು ಈ ಫಲಕದ ಮೇಲೆ ಕೆತ್ತಿಸಿದ್ದೀರಿ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಯಾವ ಸಿಲಿಂಡರು ನಡುನಡುವೆ ಬಡಿತ ತಪ್ಪಿ ಮಿಸ್ಸಿಂಗ್ ಹೊಡೆಯುತ್ತಿದೆ ಎಂದು ನಾನು ಹೇಳಿದರೆ ಆ ಬ್ರಹ್ಮ ಬಂದರೂ ಅದು ಬದಲಾಗುವುದಿಲ್ಲ ಎಂದು ಕಾರ್ಯದರ್ಶಿಗಳು ಹೊಗಳಿದರು. ಬ್ರಹ್ಮ ಬರಲಿಲ್ಲ ಸ್ವಾಮಿ, ನನ್ನ ಮೊಮ್ಮಗಳು ಬಂದಳು. ಆ ಕಥೆ ಹೇಳದೆ ಈ ಫಲಕ ಮನೆಗೆ ಒಯ್ದರೆ ಅವಳು ನನ್ನನ್ನು ಬಾಗಿಲಲ್ಲೇ ತಡೆಯುತ್ತಾಳೆ.

ಅವಳನ್ನು ನಾವು ಬುಗುರಿ ಎನ್ನುತ್ತೇವೆ. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಒಂದು ಸಾಕ್ಸು ಹಾಕಿಕೊಳ್ಳುವಷ್ಟರಲ್ಲಿ ಇನ್ನೊಂದು ಕಾಲಿದೆ ಎನ್ನುವುದೇ ಮರೆತಿರುತ್ತಾಳೆ. ನಮ್ಮ ಕಾಲದಲ್ಲಿ ಇದನ್ನು ತುಂಟತನ ಎನ್ನುತ್ತಿದ್ದರು, ಬೆನ್ನಿಗೆರಡು ಬೀಳುತ್ತಿತ್ತು. ಈಗ ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ ಎನ್ನುತ್ತಾರೆ. ನಾನು ನಕ್ಕಿದ್ದೆ. ಒಂದು ದಿನ ಗ್ಯಾರೇಜಿನಿಂದ ಟೈರೊಂದು ಉರುಳಿ ರಸ್ತೆಗೆ ಹೋಯಿತು. ಅದರ ಹಿಂದೆ ಇವಳೂ ಹೋದಳು. ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. ಲಾರಿಯವನ ಬ್ರೇಕು ಚೆನ್ನಾಗಿತ್ತು, ಉಳಿದಳು. ಆ ಬ್ರೇಕು ಸರಿ ಮಾಡಿಕೊಟ್ಟ ಪುಣ್ಯಾತ್ಮ ಈ ಸಭೆಯಲ್ಲಿದ್ದರೆ ದಯವಿಟ್ಟು ಬಂದು ಈ ಹೂಗುಚ್ಛ ತೆಗೆದುಕೊಂಡು ಹೋಗಲಿ, ಇದು ಅವನದು.

ಅಲ್ಲಿಂದ ಮಕ್ಕಳ ಡಾಕ್ಟರಮ್ಮನ ಹತ್ತಿರ ಹೋದೆವು. "ಒಂದು ಮಾತ್ರೆ ಇದೆ. ಗಮನ ನಿಲ್ಲುತ್ತೆ. ಆದ್ರೆ ಎದೆಬಡಿತ ಸ್ವಲ್ಪ ಜಾಸ್ತಿ ಆಗಬಹುದು, ಬಿ.ಪಿ. ಸ್ವಲ್ಪ ಏರಬಹುದು" ಎಂದರು. ಅದು ಉತ್ತೇಜಕ ಔಷಧಿಯಂತೆ! ಸಭಿಕರೇ, ಈಗಾಗಲೇ ರೇಸಿನಲ್ಲಿರುವ ಎಂಜಿನ್ನಿಗೆ ಇನ್ನಷ್ಟು ಆಕ್ಸಿಲರೇಟರ್ ಒತ್ತುವ ಮೆಕ್ಯಾನಿಕ್ಕನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಅಲ್ಲೇ ಕೇಳಿಬಿಟ್ಟೆ. ಡಾಕ್ಟರಮ್ಮ ನಕ್ಕರು. "ತಾತ, ಎಂಜಿನ್ ಚೆನ್ನಾಗೇ ಇದೆ. ಡ್ರೈವರಿಗೆ ತೂಕಡಿಕೆ. ನಾವು ಅವನನ್ನ ಎಬ್ಬಿಸ್ತೀವಿ, ಅಷ್ಟೇ."

ಆಮೇಲೆ ಒಂದು ಪ್ರಶ್ನೆ ಕೇಳಿದರು. "ಮನೆಯಲ್ಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದಾರಾ?" ಮಗ ಇಲ್ಲ ಎಂದ. ಸೊಸೆ ಇಲ್ಲ ಎಂದಳು. ನಾನು, "ಬಿಸಿಲಿಗೆ ಸತ್ತಿದ್ದು ಲೆಕ್ಕಕ್ಕೆ ಬರುತ್ತಾ ತಾಯಿ?" ಎಂದೆ.

ನನಗೊಬ್ಬ ತಮ್ಮನಿದ್ದ. ಈ ಮಾತನ್ನು ಇಲ್ಲಿ ಆಡಬೇಕೆಂದು ನಾನು ಬಂದವನಲ್ಲ, ಬಾಯಿಗೆ ಬಂತು. ನಾವಿನ್ನೂ ಹುಡುಗರಾಗಿದ್ದಾಗ, ಕೆಟ್ಟು ನಿಂತಿದ್ದ ಒಂದು ಕಾರನ್ನು ಇಬ್ಬರೂ ತಳ್ಳಿದೆವು. ಸ್ಟಾರ್ಟ್ ಆಯಿತು. ಅವನು ಖುಷಿ ತಡೆಯಲಾಗದೆ ಬಾಗಿಲು ಬಡಿಯುತ್ತಾ, ಕೂಗುತ್ತಾ ಅದರ ಜೊತೆಗೇ ಓಡಿದ. ಓಡುತ್ತಿದ್ದವನು ಬಿದ್ದ. ಮತ್ತೆ ಏಳಲಿಲ್ಲ. ಬಿಸಿಲು ಹೊಡೆಯಿತು ಎಂದರು. ನಾನೂ ಇಷ್ಟು ವರ್ಷ ಬಿಸಿಲನ್ನೇ ಬೈದುಕೊಂಡು ಬಂದೆ. ಇವತ್ತಿಗೂ ಯಾವ ಮಗು ಓಡುವುದನ್ನು ಕಂಡರೂ ನನ್ನ ಬಾಯಿಂದ ‘ಮೆಲ್ಲಗೆ, ಮೆಲ್ಲಗೆ’ ಎನ್ನುವುದು ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಒಂದು ನಿಮಿಷ, ನೀರು ಕುಡಿಯುತ್ತೇನೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹೇಳಿದ್ದು ಒಳ್ಳೇದಾಯ್ತು. ಮಗು ಹೃದಯದ ಪರೀಕ್ಷೆ ಆಗೋವರೆಗೂ ಮಾತ್ರೆ ಬೇಡ. ನಿಮ್ಮದೂ ಒಂದ್ಸಲ ನೋಡಿಸಿ ತಾತ, ಅವರು ನಿಮ್ಮ ಒಡಹುಟ್ಟಿದವರು." ಇದರಲ್ಲಿ ‘ಮಾತ್ರೆ ಬೇಡ’ ಎನ್ನುವುದಷ್ಟೇ ನನ್ನ ಕಿವಿಗೆ ಬಿತ್ತು. ಕಿವಿಯ ತಜ್ಞ ನೋಡಿ ನಾನು!

ಮನೆಗೆ ಬಂದವನೇ ಪೆಟ್ರೋಲು ಪೈಪಿನ ತುಂಡೊಂದಕ್ಕೆ ಆಲಿಕೆ ಸಿಕ್ಕಿಸಿದೆ. ಹೊಸ ಪೈಪು, ಹೆದರಬೇಡಿ. ಆಲಿಕೆಯನ್ನು ಬುಗುರಿಯ ಎದೆಗಿಟ್ಟು, ಪೈಪನ್ನು ಕಿವಿಗೆ ಒತ್ತಿ ಕೇಳಿದೆ. ಟಕ್, ಟಕ್, ಖಾಲಿ. ಟಕ್, ಟಕ್, ಟಕ್, ಖಾಲಿ. ಮಿಸ್ಸಿಂಗ್! ಈ ಮಗುವಿಗೆ ಮಾತ್ರೆಯ ಹೆಸರೆತ್ತಬೇಡಿ ಎಂದು ಮನೆಯಲ್ಲಿ ರಂಪ ಮಾಡಿದೆ.

ಸೊಸೆ ಕೂಗಾಡಲಿಲ್ಲ. ಅವಳಿಗೆ ತರಕಾರಿ ಅಂಗಡಿ ಇದೆ, ಅವಳ ಮಾತೂ ತಕ್ಕಡಿಯದೇ. "ಮಾವ, ನಿಮ್ಮ ಭಯ ಸುಳ್ಳು ಅನ್ನಲ್ಲ, ಅದನ್ನ ಒಂದು ತಟ್ಟೇಲಿ ಇಡ್ತೀನಿ. ಇನ್ನೊಂದು ತಟ್ಟೇಲಿ ಆ ಲಾರಿ ಕೂತಿದೆ. ಅದನ್ನೂ ನೋಡಿ. ಪರೀಕ್ಷೆ ಆಗಲಿ, ಆಮೇಲೆ ಮುಳ್ಳು ಎತ್ತ ವಾಲುತ್ತೋ ನೋಡೋಣ."

ಪರೀಕ್ಷೆಯ ಕೋಣೆಯಲ್ಲಿ ವೈರುಗಳನ್ನು ಕಂಡು ಬುಗುರಿ ಹಟ ಹಿಡಿದಳು. "ತಾತ ಮಲಗಿದ್ರೆ ಮಾತ್ರ ನಾನು ಮಲಗ್ತೀನಿ." ಹೇಗೂ ಡಾಕ್ಟರಮ್ಮ ಹೇಳಿದ್ದರಲ್ಲ, ಮಲಗಿದೆ; ನನಗೂ ವೈರು ಅಂಟಿಸಿದರು. ಅವಳ ಇ.ಸಿ.ಜಿ. ಚೆನ್ನಾಗಿ ಬಂತು, ಸ್ಕ್ಯಾನೂ ಚೆನ್ನಾಗಿ ಬಂತು. ನಾನು ಒಪ್ಪುತ್ತೇನೆಯೇ? "ನಿಮ್ಮ ಮಷೀನು ಕೆಟ್ಟಿದೆ, ನನ್ನ ಕಿವಿ ಸುಳ್ಳು ಹೇಳಲ್ಲ" ಎಂದು, ಪೈಪಿನಲ್ಲಿ ಕೇಳಿದ್ದನ್ನೂ ಹೇಳಿ ವಾದಕ್ಕಿಳಿದೆ. ಹೃದಯದ ಡಾಕ್ಟರು ನನ್ನ ಇ.ಸಿ.ಜಿ. ಕಾಗದ ಎತ್ತಿ ತೋರಿಸಿದರು. ಟಕ್, ಟಕ್, ಖಾಲಿ. "ನಿಮ್ಮ ಕಿವಿ ಸರಿಯಾಗೇ ಕೇಳಿದೆ ಯಜಮಾನ್ರೇ. ಪೈಪು ಕಿವಿಗೆ ಒತ್ತಿದಾಗ ಕೇಳಿಸಿದ್ದು ನಿಮ್ಮದೇ ನಾಡಿ."

ಗಾಡಿ ಮೊಮ್ಮಗಳದಲ್ಲ ಸ್ವಾಮಿ, ನನ್ನದು! ಜೀವಮಾನವೆಲ್ಲ ಊರಿನ ಗಾಡಿಗಳಿಗೆ ಬ್ಯಾಟರಿ ಹಾಕಿದವನ ಎದೆಗೇ ಬ್ಯಾಟರಿ ಹಾಕಿದರು. ಪೇಸ್‌ಮೇಕರ್ ಅಂತೆ. ಇಲ್ಲಿದೆ, ಈ ಜೇಬಿನ ಮೇಲ್ಭಾಗದಲ್ಲಿ, ಚರ್ಮದೊಳಗೆ.

ಬುಗುರಿಗೆ ಚಿಕ್ಕ ಪ್ರಮಾಣದಲ್ಲಿ ಮಾತ್ರೆ ಶುರುವಾಯಿತು. ಹೋದಾಗಲೆಲ್ಲ ನಾಡಿ, ಬಿ.ಪಿ. ನೋಡುತ್ತಾರೆ. ಓಡುವಾಗ ತಲೆ ಸುತ್ತಿ ಬಿದ್ದರೆ, ಎದೆ ನೋವು ಎಂದರೆ, ಮಾತ್ರೆ ನಿಲ್ಲಿಸಿ ತಕ್ಷಣ ಬರಬೇಕು ಎಂದು ಹೇಳಿದ್ದಾರೆ. ಮಧ್ಯಾಹ್ನ ಹಸಿವು ಕಡಿಮೆ, ಸೊಸೆಗೆ ಅದೊಂದು ತಲೆನೋವು. ಬಡಿತ ಸ್ವಲ್ಪ ಏರಿದೆ, ನಿಜ. ನಾನು ಗಾಬರಿಯಿಂದ ಕೇಳಿದಾಗ ಡಾಕ್ಟರಮ್ಮ, "ಜೋರಾಗಿ ಬಡಿದಿದ್ದೆಲ್ಲ ಕಾಯಿಲೆ ಅಲ್ಲ ತಾತ. ಎಷ್ಟು ಬಡೀತಿದೆ, ಯಾಕೆ ಬಡೀತಿದೆ ಅಂತ ನೋಡ್ಬೇಕು" ಎಂದರು. ನನಗೆ ಭಯ ಪೂರ್ತಿ ಹೋಗಿದೆಯೇ? ಇಲ್ಲ. ಆದರೆ ಮೊನ್ನೆ ಗ್ಯಾರೇಜಿನಿಂದ ಮತ್ತೊಂದು ಟೈರು ಉರುಳಿತು. ಬುಗುರಿ ಬಾಗಿಲವರೆಗೆ ಓಡಿ, ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. "ಹೋದ್ರೆ ಹೋಗ್ಲಿ ಬಿಡು ತಾತ" ಎಂದಳು. ನಾನು ಟೂಲ್ ಬಾಕ್ಸಿನ ಮೇಲೆ ಕೂತು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆ ಪೈಪನ್ನು ಸಂಘದ ಗಾಜಿನ ಕಪಾಟಿನಲ್ಲಿಡಲು ಕೊಡಿ ಎಂದು ಅಧ್ಯಕ್ಷರು ಕೇಳಿದರು. ಅದು ಈಗ ನನ್ನ ಕೈಯಲ್ಲಿಲ್ಲ, ಎರಡನೇ ಸಾಲಿನಲ್ಲಿ ಕೂತಿರುವವಳ ಕೈಯಲ್ಲಿದೆ. ವೇದಿಕೆ ಹತ್ತುವ ಮುಂಚೆ ನನ್ನ ಎದೆಗಿಟ್ಟು ನೋಡಿದಳು. "ಜೋರಾಗಿ ಓಡ್ತಿದೆ ತಾತ! ಹೆದರಿಕೆನಾ?"

"ಇಲ್ಲ ಪುಟ್ಟ, ಖುಷಿ."

"ಹಾಗಾದ್ರೆ ಓಡ್ಲಿ ಬಿಡು."

ತಮ್ಮ ಹೋದಂದಿನಿಂದ ನಾನು ಯಾವ ಮಗುವಿಗೂ ಹೇಳಲಾಗದ ಮಾತು ಅದು. ಅವಳು ನನಗೆ ಹೇಳಿದಳು.

ಕೇಳಿದ ನಿಮ್ಮೆಲ್ಲರ ಕಿವಿಗಳಿಗೂ, ಇನ್ನೂ ನಡೆಯುತ್ತಿರುವ ನಿಮ್ಮೆಲ್ಲರ ಎಂಜಿನ್ನುಗಳಿಗೂ ನನ್ನ ವಂದನೆಗಳು. ನಮಸ್ಕಾರ.